ಸೊಂಟನೋವಿನ ಚೀಟಿಯಲ್ಲಿ ಬರೆಯದೆ ಉಳಿದದ್ದು

ಒಣಗಲು ಹಾಕಿದ ಅಡಿಕೆಯ ಮೇಲೆ ಅಕಾಲದ ಮಳೆ ಬಿತ್ತೆಂದರೆ ಕಾಸರಗೋಡು ಜಿಲ್ಲೆಯ ನಮ್ಮ ಬದಿಯಡ್ಕದ ಕಡೆಯ ಮನೆಗಳಲ್ಲಿ ಉಂಡ ಕೈ ತೊಳೆಯುವುದಕ್ಕೂ ಪುರುಸೊತ್ತಿರುವುದಿಲ್ಲ. ಮೂರು ವರ್ಷಗಳ ಹಿಂದೆ ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಹಾಗೆ ಊಟದಿಂದೆದ್ದು ಅಂಗಳಕ್ಕೆ ಓಡಿ, ಅಡಿಕೆಯನ್ನು ಬಾಚಿ ಗೋಣಿಗೆ ತುಂಬಿ, ಮುಕ್ಕಾಲು ತುಂಬಿದ ಒಂದು ಗೋಣಿಯನ್ನು ಜಗಲಿಗೆ ಎತ್ತಿಡಲೆಂದು ಮೈಯನ್ನು ತುಸು ತಿರುಗಿಸಿದ್ದಷ್ಟೇ ನೆನಪು. ಸೊಂಟದ ಎಡಗಡೆಯಲ್ಲಿ ಕತ್ತಿಯ ತುದಿ ಹೊಕ್ಕಂತಾಗಿ, ಬಗ್ಗಿದವನು ನೆಟ್ಟಗಾಗಲಾರದೆ ಹಾಗೆಯೇ ಮಳೆಯಲ್ಲಿ ನಿಂತುಬಿಟ್ಟೆ. ಮೂವತ್ತು ವರ್ಷ ಕನ್ನಡ ಶಾಲೆಯ ಮಕ್ಕಳಿಗೆ ನೆಟ್ಟಗೆ ಕುಳಿತುಕೊಳ್ಳಿ ಎಂದು ಗದರಿಸಿದವನು ಮುಂದಿನ ಎರಡು ದಿನ ಬಚ್ಚಲಿಗೂ ಗೋಡೆ ಹಿಡಿದೇ ಹೋಗಬೇಕಾಯಿತು.

ಸೊಂಟನೋವಿಗೆ ಸಲಹೆ ಕೊಡಲಾರದ ಮನುಷ್ಯ ನಮ್ಮ ಊರಿನಲ್ಲಿ ಇನ್ನೂ ಹುಟ್ಟಿಲ್ಲ. ಹಾಸಿಗೆ ಬಿಟ್ಟು ಮರದ ಹಲಗೆಯ ಮೇಲೆ ಮಲಗಬೇಕೆಂದು ಒಬ್ಬರು, ತಿಂಗಳ ಕಾಲ ಬಗ್ಗಲೇಬಾರದೆಂದು ಇನ್ನೊಬ್ಬರು, ಇದು ಬರಿಯ ಚಳಕು, ಕಾಲು ಮುಂದಾಗಿ ಹುಟ್ಟಿದವರಿಂದ ಮೂರು ಸಲ ಮೆಲ್ಲಗೆ ಒದೆಸಿಕೊಂಡರೆ ಬಿಡುತ್ತದೆಂದು ಮತ್ತೊಬ್ಬರು ಹೇಳಿ ಹೋದರು. ಮೂರನೆಯ ಚಿಕಿತ್ಸೆಗೆ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಇಬ್ಬರು ಅತ್ಯುತ್ಸಾಹದಿಂದ ಮುಂದೆ ಬಂದಿದ್ದರೆಂಬುದನ್ನು ಇಲ್ಲಿ ದಾಖಲಿಸಿ ಮುಂದೆ ಹೋಗುತ್ತೇನೆ.

ಮೂರನೆಯ ದಿನ ಹತ್ತಿರದ ಕ್ಲಿನಿಕ್ಕಿಗೆ ಹೋದೆ. ಎಕ್ಸ್‌ರೇ ಆಯಿತು, ಇಂಜೆಕ್ಷನ್ ಆಯಿತು, ನೋವಿನ ಮಾತ್ರೆ, ಅದರಿಂದ ಹೊಟ್ಟೆ ಉರಿಯದಿರಲು ಇನ್ನೊಂದು ಮಾತ್ರೆ, ರಾತ್ರಿಗೆ ‘ನರದ ಮಾತ್ರೆ’, ಜೊತೆಗೆ ಒಂದು ಸೊಂಟದ ಬೆಲ್ಟ್. ವೈದ್ಯರು ನನ್ನೊಡನೆ ಕಳೆದ ಹೊತ್ತು ನಾಲ್ಕು ನಿಮಿಷವಿದ್ದೀತು. ಅವರು ಕೆಟ್ಟವರೇನಲ್ಲ, ಹೊರಗೆ ಬೆಂಚಿನ ಮೇಲೆ ನಲವತ್ತು ಜನ ಕಾಯುತ್ತಿದ್ದರು. ಹತ್ತು ದಿನ ಕಳೆದರೂ ನೋವು ಪೂರ್ತಿ ಹೋಗದಿದ್ದಾಗ ನಾನು ಮಂಗಳೂರಿಗೆ ಹೊರಟೆ, ಮತ್ತು ಇಲ್ಲೊಂದು ತಪ್ಪನ್ನು ಒಪ್ಪಿಕೊಳ್ಳಬೇಕು, ಅಲ್ಲಿ ಸ್ಕ್ಯಾನಿಂಗ್ ಬೇಕೆಂದು ಬಾಯಿಬಿಟ್ಟು ಕೇಳಿದವನು ನಾನೇ. ಅಷ್ಟು ದೂರ ಬಸ್ಸಿನಲ್ಲಿ ಕುಲುಕಿಕೊಂಡು ಹೋದವನು ಬರಿಯ ಮಾತು ಕೇಳಿ ಹಿಂದಿರುಗಿದರೆ ಮನೆಯವರಿಗೆ ಏನು ತೋರಿಸುವುದು? ಎಕ್ಸ್‌ರೇಯನ್ನೂ ತೆಗೆಸದ ಡಾಕ್ಟರು ಎಂಥ ಡಾಕ್ಟರು ಎಂದು ಕೇಳುವ ಊರಿನವನೇ ತಾನೇ ನಾನು.

ಎಂಆರ್‌ಐ ವರದಿಯನ್ನು ಹಿಂದಿರುಗುವ ಬಸ್ಸಿನಲ್ಲಿ ಬಿಡಿಸಿ ಓದಿದೆ. ತಲಪಾಡಿ ದಾಟುವಾಗ ಮೊದಲ ಸಾಲು, ಉಪ್ಪಳ ಬರುವಷ್ಟರಲ್ಲಿ ಕೊನೆಯ ಸಾಲು. ನಾಲ್ಕನೆಯ ಮತ್ತು ಐದನೆಯ ಸೊಂಟದ ಕಶೇರುಗಳ, ಅಂದರೆ ಬೆನ್ನೆಲುಬಿನ ಮಣಿಗಳ, ನಡುವೆ ಮೆತ್ತೆಯಂತಿರುವ ಡಿಸ್ಕ್ ಸವೆದಿದೆ, ಹೊರಕ್ಕೆ ಉಬ್ಬಿದೆ, ನೀರಿನಂಶ ಕಳೆದುಕೊಂಡಿದೆ, ನರದ ಹೊದಿಕೆಯನ್ನು ತಾಗುತ್ತಿದೆ, ಕೀಲುಗಳು ದಪ್ಪವಾಗಿವೆ. ಬೆಳಿಗ್ಗೆ ಹೋಗುವಾಗ ಸೊಂಟನೋವಿದ್ದ ಮನುಷ್ಯ, ಕುಂಬಳೆಯಲ್ಲಿ ಇಳಿಯುವಾಗ ಬೆನ್ನೆಲುಬು ಮುರಿಯುವುದನ್ನೇ ಕಾಯುತ್ತಿರುವ ರೋಗಿಯಾಗಿದ್ದೆ. ಬಸ್ಸಿನ ಮೆಟ್ಟಿಲನ್ನು ಕೂಡ ಹಿಂದುಮುಂದಾಗಿ, ಮಗುವಿನ ಹಾಗೆ ಇಳಿದೆ. ನೋವು ಹೆಚ್ಚಾಗಿರಲಿಲ್ಲ. ಅಂದಿನಿಂದ ಆರು ತಿಂಗಳು ನಾನು ಕೊಡಪಾನ ಎತ್ತಲಿಲ್ಲ, ತೋಟಕ್ಕೆ ಇಳಿಯಲಿಲ್ಲ, ಬಿದ್ದ ಅಡಿಕೆಯನ್ನು ಹೆಕ್ಕಲೂ ಬಗ್ಗಲಿಲ್ಲ. ಆ ಆರು ತಿಂಗಳನ್ನು ನನ್ನಿಂದ ಕಿತ್ತುಕೊಂಡದ್ದು ಡಿಸ್ಕೋ, ವರದಿಯೋ ಎಂಬ ಪ್ರಶ್ನೆ ಆಮೇಲೆ ನನ್ನನ್ನು ಓದಿಗೆ ಹಚ್ಚಿತು.

ಓದಿದಷ್ಟೂ ಕಸಿವಿಸಿಯಾಯಿತು. 1994ರಲ್ಲಿ ಅಮೆರಿಕದಲ್ಲಿ ಬೆನ್ನುನೋವೇ ಇಲ್ಲದ 98 ಮಂದಿಯ ಬೆನ್ನಿನ ಎಂಆರ್‌ಐ ತೆಗೆದು ನೋಡಿದ್ದರು, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಒಂದು ಕಡೆಯಾದರೂ ಡಿಸ್ಕ್ ಉಬ್ಬಿತ್ತು. ಇಂಥ ಹಲವು ಅಧ್ಯಯನಗಳನ್ನು, ಮೂರು ಸಾವಿರಕ್ಕೂ ಹೆಚ್ಚು ನೋವಿಲ್ಲದ ಜನರ ಚಿತ್ರಗಳನ್ನು, 2015ರಲ್ಲಿ ಒಟ್ಟುಗೂಡಿಸಿದಾಗ ತಿಳಿದದ್ದು ಇನ್ನೂ ಸ್ಪಷ್ಟವಾಗಿತ್ತು. ಇಪ್ಪತ್ತರ ಹರೆಯದಲ್ಲೇ ನೂರಕ್ಕೆ 37 ಮಂದಿಯ ಡಿಸ್ಕುಗಳಲ್ಲಿ ಸವೆತದ ಗುರುತು ಇರುತ್ತದೆ, ನನ್ನ ಹಾಗೆ ಅರುವತ್ತು ದಾಟಿದವರಲ್ಲಿ ಅದು ನೂರಕ್ಕೆ 88. ಅಡಿಕೆ ಮರದಲ್ಲಿ ಹಾಳೆ ಕಳಚಿ ಬಿದ್ದ ಕಡೆಯಲ್ಲೆಲ್ಲ ಒಂದೊಂದು ಬಳೆ ಉಳಿಯುತ್ತದೆ. ಆ ಬಳೆಗಳನ್ನು ಎಣಿಸಿ ಮರಕ್ಕೆ ಎಷ್ಟು ಪ್ರಾಯವಾಯಿತೆಂದು ಅಂದಾಜು ಮಾಡುತ್ತೇವೆಯೇ ಹೊರತು, ಮರಕ್ಕೆ ರೋಗ ಹಿಡಿದಿದೆ ಎಂದು ಯಾರೂ ಹೇಳುವುದಿಲ್ಲ. ನನ್ನ ವರದಿ ಬಹುಮಟ್ಟಿಗೆ ಬಳೆಗಳ ಪಟ್ಟಿಯಾಗಿತ್ತು, ಆದರೆ ಹಾಗೆಂದು ಅದರಲ್ಲಿ ಬರೆದಿರಲಿಲ್ಲ, ಬಾಯಿಯಲ್ಲಿ ಹೇಳಿದವರೂ ಇರಲಿಲ್ಲ.

ಹೇಳುವ ರೀತಿಯಿಂದ ನೋವೇ ಬದಲಾದೀತೇ ಎಂದು ಅನುಮಾನಿಸುವವರಿಗೆ ನಮ್ಮ ನೆರೆಯ ಕೊಯಮತ್ತೂರಿನದೇ ಉದಾಹರಣೆಯಿದೆ. ಅಲ್ಲಿನ ಗಂಗಾ ಆಸ್ಪತ್ರೆಯ ಬೆನ್ನೆಲುಬಿನ ತಜ್ಞ ಡಾ. ಎಸ್. ರಾಜಶೇಖರನ್ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸೊಂಟನೋವಿನ 44 ರೋಗಿಗಳನ್ನು ಎರಡು ಗುಂಪು ಮಾಡಿದ್ದರು. ಒಂದು ಗುಂಪಿಗೆ ಎಂಆರ್‌ಐ ವರದಿಯಲ್ಲಿದ್ದುದನ್ನು ಇದ್ದ ಹಾಗೆಯೇ ವಿವರಿಸಿದರು. ಇನ್ನೊಂದು ಗುಂಪಿಗೆ ನಿಮ್ಮ ಬೆನ್ನು ಸರಿಯಾಗಿದೆ, ಕಂಡದ್ದೆಲ್ಲ ಪ್ರಾಯಕ್ಕೆ ಸಹಜವಾದ ಬದಲಾವಣೆ ಎಂದು ಧೈರ್ಯ ಹೇಳಿದರು. ಚಿಕಿತ್ಸೆ ಎರಡು ಗುಂಪಿಗೂ ಒಂದೇ. ಆರು ವಾರ ಕಳೆದು ನೋಡಿದಾಗ ವರದಿಯನ್ನು ಪೂರ್ತಿ ಕೇಳಿದವರ ಭಯ ಹೆಚ್ಚಾಗಿತ್ತು, ನೋವು ಇಳಿದದ್ದು ಕಡಿಮೆ, ಓಡಾಟವೂ ಕಡಿಮೆ. ಉಪ್ಪಳದಿಂದ ಕುಂಬಳೆಯವರೆಗೆ ನನಗಾದದ್ದೂ ಇದೇ.

ಬಂದ ನೋವಿಗಿಂತ ಕೊಟ್ಟ ಆರೈಕೆಯ ಕುರಿತು ನಾವು ಕಡಿಮೆ ಮಾತಾಡುತ್ತೇವೆ. 2020ರಲ್ಲಿ ಜಗತ್ತಿನಲ್ಲಿ ಸುಮಾರು 61.9 ಕೋಟಿ ಜನರಿಗೆ ಸೊಂಟನೋವಿತ್ತೆಂದೂ 2050ರ ಹೊತ್ತಿಗೆ ಅದು 84.3 ಕೋಟಿಯಾದೀತೆಂದೂ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇವುಗಳಲ್ಲಿ ಹತ್ತಕ್ಕೆ ಒಂಬತ್ತರಷ್ಟು ನೋವಿಗೆ ಇಂಥದೇ ಕಾರಣವೆಂದು ಬೊಟ್ಟುಮಾಡಿ ತೋರಿಸಲಾಗುವುದಿಲ್ಲ, ಮತ್ತು ಹೊಸದಾಗಿ ಬಂದ ಇಂಥ ನೋವು ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. 2014ರಲ್ಲಿ ಆಸ್ಟ್ರೇಲಿಯದಲ್ಲಿ ಹೊಸ ಸೊಂಟನೋವಿನ ಸಾವಿರದ ಆರುನೂರಕ್ಕೂ ಹೆಚ್ಚು ಜನರಲ್ಲಿ ಕೆಲವರಿಗೆ ಪ್ಯಾರಾಸಿಟಮಾಲನ್ನೂ ಕೆಲವರಿಗೆ ಮದ್ದಿಲ್ಲದ ಹುಸಿಮಾತ್ರೆಯನ್ನೂ ಕೊಟ್ಟು ನೋಡಿದಾಗ, ಮದ್ದು ತಿಂದವರಲ್ಲಿ ಅರ್ಧದಷ್ಟು ಜನ ಗುಣವಾಗಲು ಹಿಡಿದದ್ದು 17 ದಿನ, ಹುಸಿಮಾತ್ರೆ ತಿಂದವರಲ್ಲಿ 16 ದಿನ. ನಾನು ಸ್ಕ್ಯಾನಿಂಗಿಗೆ ಹೋದದ್ದು ಹನ್ನೊಂದನೆಯ ದಿನ. ಇನ್ನೊಂದು ವಾರ ತಾಳಿಕೊಳ್ಳಿ ಮಾಷ್ಟ್ರೇ ಎಂದು ಕಾರಣಸಹಿತವಾಗಿ ಹೇಳುವವರೊಬ್ಬರಿದ್ದರೆ ನನಗೆ ಆರು ತಿಂಗಳು ಉಳಿಯುತ್ತಿತ್ತು.

ನನ್ನ ಚೀಟಿಯಲ್ಲಿದ್ದುದನ್ನೂ ಒಂದೊಂದಾಗಿ ತೂಗಿ ನೋಡಿದೆ. ರಾತ್ರಿಯ ನರದ ಮಾತ್ರೆ ಪ್ರೆಗಬಲಿನ್. ಸೊಂಟದಿಂದ ಕಾಲಿಗಿಳಿಯುವ ನರದ ನೋವಿಗೂ ಅದು ಹುಸಿಮಾತ್ರೆಗಿಂತ ಮೇಲಲ್ಲವೆಂದೂ ತಲೆಸುತ್ತನ್ನು ಮಾತ್ರ ಹೆಚ್ಚಿಸುತ್ತದೆಂದೂ 2017ರ ಒಂದು ಪ್ರಯೋಗ ತೋರಿಸಿತ್ತು. ಅದನ್ನು ಓದುವ ಮೊದಲೇ, ಬೆಳಗಿನ ಜಾವ ಹಟ್ಟಿಗೆ ಹೋಗುವಾಗ ಕಣ್ಣು ಕತ್ತಲೆಗಟ್ಟಿ ಹೊಸ್ತಿಲಲ್ಲಿ ಎರಡು ಸಲ ಕುಸಿದು ಕುಳಿತಿದ್ದೆ. ಬೆಲ್ಟಿನ ಕುರಿತು, ಸೊಂಟಕ್ಕೆ ತೂಕ ಕಟ್ಟಿ ಎಳೆಯುವುದರ ಕುರಿತು, ನಮ್ಮವರು ‘ಕರೆಂಟ್ ಕೊಡುವುದು’ ಎಂದು ಕರೆಯುವ ಯಂತ್ರಚಿಕಿತ್ಸೆಯ ಕುರಿತು ವಿಶ್ವ ಆರೋಗ್ಯ ಸಂಸ್ಥೆಯ 2023ರ ಮಾರ್ಗಸೂಚಿ ಖಚಿತವಾಗಿದೆ. ಮೂರು ತಿಂಗಳು ದಾಟಿದ ಸಾಮಾನ್ಯ ಸೊಂಟನೋವಿಗೆ ಇವುಗಳನ್ನು ವಾಡಿಕೆಯಾಗಿ ಕೊಡಬಾರದು ಎಂದೇ ಅದು ಹೇಳುತ್ತದೆ. ಅದು ಕೊಡಬೇಕೆನ್ನುವುದು ತಿಳಿವಳಿಕೆ, ವ್ಯಾಯಾಮ, ಕೈಯಿಂದ ಮಾಡುವ ಕೆಲವು ಚಿಕಿತ್ಸೆಗಳು, ಭಯ ಬಿಡಿಸುವ ಆಪ್ತ ಸಲಹೆ, ಬೇಕಾದರೆ ನೋವಿನ ಮಾತ್ರೆ. ಹಲಗೆಯ ಮೇಲಿನ ವಿಶ್ರಾಂತಿಯ ಕಥೆ ಇನ್ನೂ ಹಳೆಯದು. 1995ರಲ್ಲಿ ಹೆಲ್ಸಿಂಕಿ ನಗರದ 186 ನೌಕರರಲ್ಲಿ ಕೆಲವರನ್ನು ಎರಡು ದಿನ ಮಲಗಿಸಿ, ಕೆಲವರಿಗೆ ವ್ಯಾಯಾಮ ಕಲಿಸಿ, ಉಳಿದವರಿಗೆ ಆದಷ್ಟು ಎಂದಿನ ಕೆಲಸ ಮಾಡಿಕೊಂಡಿರಿ ಎಂದಾಗ ಬೇಗ ಚೇತರಿಸಿಕೊಂಡವರು ಮೂರನೆಯ ಗುಂಪಿನವರು.

ನನ್ನ ಚೀಟಿಯಲ್ಲಿದ್ದ ಅರ್ಧದಷ್ಟು ಬೇಡವಾದದ್ದು, ಬೇಕಾಗಿದ್ದ ಒಂದೇ ವಸ್ತು, ಅಂದರೆ ಮಾತು, ಅದರಲ್ಲಿರಲಿಲ್ಲ. ಸೊಂಟನೋವಿಗೆ ಸರಿಯಾದ ಆರೈಕೆಯ ಬಹುಪಾಲು ಕೇಳುವುದು, ಮುಟ್ಟಿ ನೋಡುವುದು ಮತ್ತು ಹೇಳುವುದು. ಇವು ಮೂರಕ್ಕೂ ಬಿಲ್ಲಿನಲ್ಲಿ ಸಾಲಿಲ್ಲ.

ಹಾಗೆಂದು ಸ್ಕ್ಯಾನಿಂಗ್ ಮಾಡಿಸಲೇಬಾರದು ಎಂಬ ವಾದಕ್ಕೆ ನಾನು ಸಿದ್ಧನಿಲ್ಲ, ಏಕೆಂದರೆ ನಮ್ಮ ನೆರೆಮನೆಯ ಅಕ್ಕನ ಕಥೆಯನ್ನು ಹತ್ತಿರದಿಂದ ನೋಡಿದ್ದೇನೆ. ಅವರು ಮೂವತ್ತು ವರ್ಷದಿಂದ ಬೀಡಿ ಕಟ್ಟುವವರು, ಚಾವಡಿಯ ಮೂಲೆಯಲ್ಲಿ ತೊಡೆಯ ಮೇಲೆ ಗೆರಸೆ ಇಟ್ಟುಕೊಂಡು ಬೆಳಗಿನಿಂದ ಸಂಜೆಯವರೆಗೆ ಬೆನ್ನು ಬಾಗಿಸಿ ಕುಳಿತಿರುವವರು. ನನ್ನ ನೋವು ಶುರುವಾದ ವರ್ಷವೇ ಅವರಿಗೂ ಬೆನ್ನುನೋವು ಬಂತು. ಬೀಡಿ ಕಟ್ಟುವವರಿಗೆ ಬೆನ್ನುನೋವು ಬಾರದೆ ಇನ್ನೇನು ಬರುತ್ತದೆ ಎಂದು ಮನೆಯವರೂ ಹೇಳಿದರು, ಡಾಕ್ಟರೂ ಹೇಳಿದರು. ನಾಲ್ಕು ತಿಂಗಳು ಎಣ್ಣೆ ಹಚ್ಚಿ ತಿಕ್ಕಿಸಿಕೊಂಡರು, ಮಾತ್ರೆ ನುಂಗಿದರು. ಮಲಗಿದರೂ ಬಿಡದ ರಾತ್ರಿಯ ನೋವು, ಸಂಜೆ ಮೈ ಬಿಸಿಯಾಗುವುದು, ರವಿಕೆ ಸಡಿಲವಾಗುತ್ತ ಬಂದದ್ದು, ಇವನ್ನು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಬೆನ್ನಿಗೂ ಜ್ವರಕ್ಕೂ ಸಂಬಂಧವಿದ್ದೀತೆಂದು ಅವರಿಗೆ ಹೇಗೆ ತಿಳಿಯಬೇಕು? ಐದನೆಯ ತಿಂಗಳಲ್ಲಿ ನಡೆಯುವಾಗ ಚಪ್ಪಲಿ ಕಾಲಿನಿಂದ ಜಾರಿ ಬೀಳುವುದು ತಿಳಿಯದಂತಾದ ಮೇಲೆ ಎಂಆರ್‌ಐ ಆಯಿತು. ಬೆನ್ನೆಲುಬಿನ ಕ್ಷಯ. ಇಂಗ್ಲೆಂಡಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ 1779ರಲ್ಲೇ ವಿವರಿಸಿದ, ನಮ್ಮ ದೇಶದಲ್ಲಿ ಇಂದಿಗೂ ಅಪರೂಪವಲ್ಲದ ರೋಗ. ಸರಕಾರದ ಉಚಿತ ಮಾತ್ರೆಗಳನ್ನು ಒಂದು ವರ್ಷ ತಪ್ಪದೆ ನುಂಗಿ ಅವರೀಗ ನಡೆಯುತ್ತಾರೆ, ಎಡಗಾಲಿನ ಪಾದ ಮಾತ್ರ ಇನ್ನೂ ನೆಲಕ್ಕೆ ಸ್ವಲ್ಪ ಒರಸುತ್ತದೆ.

ಬೇಡದ ನನಗೆ ಹನ್ನೊಂದನೆಯ ದಿನಕ್ಕೆ ಸಿಕ್ಕಿದ ಯಂತ್ರ, ಬೇಕಾದ ಅಕ್ಕನಿಗೆ ಸಿಕ್ಕಿದ್ದು ಐದನೆಯ ತಿಂಗಳಿಗೆ. ನನಗೆ ಪೆನ್ಶನ್ ಇತ್ತು, ಕೇಳುವ ಬಾಯಿ ಇತ್ತು. ಇಬ್ಬರಿಗೂ ಮೊದಲ ದಿನ ಆರೇಳು ಪ್ರಶ್ನೆಗಳನ್ನು ಸಾವಧಾನದಿಂದ ಕೇಳಿದ್ದರೆ ಸಾಕಿತ್ತು. ಜ್ವರವಿದೆಯೇ, ತೂಕ ಇಳಿದಿದೆಯೇ, ಹಿಂದೆ ಕ್ಯಾನ್ಸರ್ ಆಗಿತ್ತೇ, ಬಿದ್ದಿದ್ದೀರಾ, ಕಾಲಿನಲ್ಲಿ ಬಲ ಕುಂದಿದೆಯೇ, ಮೂತ್ರ ಕಟ್ಟುತ್ತದೆಯೇ ಅಥವಾ ತಿಳಿಯದೆ ಹೋಗುತ್ತದೆಯೇ, ಕುಳಿತುಕೊಳ್ಳುವ ಜಾಗದಲ್ಲಿ ಮುಟ್ಟಿದರೆ ತಿಳಿಯುತ್ತದೆಯೇ. ಕೊನೆಯ ಎರಡರಲ್ಲಿ ಮೂತ್ರದ ಪ್ರಶ್ನೆಗೆ ಹೌದೆಂದೋ ಮುಟ್ಟುವ ಪ್ರಶ್ನೆಗೆ ಇಲ್ಲವೆಂದೋ ಉತ್ತರ ಬಂದರೆ, ಬೆನ್ನಹುರಿಯ ಕೆಳತುದಿಯ ನರಗಳ ಗೊಂಚಲು ಒತ್ತಲ್ಪಟ್ಟಿದೆಯೆಂಬ ಸಂಶಯದಿಂದ ಅದೇ ದಿನ ದೊಡ್ಡ ಆಸ್ಪತ್ರೆಗೆ ಕಳುಹಿಸಬೇಕು. ತಡವಾದರೆ ಮೂತ್ರದ ಹತೋಟಿ ಎಂದೆಂದಿಗೂ ಹಿಂದಿರುಗದೆ ಹೋದೀತು.

ಈ ಪ್ರಶ್ನೆಗಳನ್ನು ಯಾವ ಭಾಷೆಯಲ್ಲಿ ಕೇಳುವುದು? ಹೊರಗಿನವರಿಗೆ ಇದು ಸಣ್ಣ ಮಾತೆಂದು ಕಂಡೀತು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ನಮ್ಮ ಸರಕಾರಿ ಆಸ್ಪತ್ರೆಗಳಿಗೆ ಬರುವ ವೈದ್ಯರಲ್ಲಿ ಹೆಚ್ಚಿನವರು ತೆಂಕಣ ಜಿಲ್ಲೆಗಳ ಮಲಯಾಳಿಗಳು. ಸ್ವಭಾವದಲ್ಲಿ ಒಳ್ಳೆಯವರು, ಓದಿನಲ್ಲಿ ಗಟ್ಟಿಗರು, ಆದರೆ ಕನ್ನಡ, ತುಳು ಬಾರದು. ‘ನಡುವೇದನ ಎತ್ರ ದಿವಸಮಾಯಿ’ ಎಂದು ಅವರು ಕೇಳಿದರೆ ಎಷ್ಟು ದಿನವಾಯಿತೆಂದು ನಾವು ಬೆರಳೆಣಿಸಿ ತೋರಿಸಬಲ್ಲೆವು. ಅಲ್ಲಿಂದ ಮುಂದೆ ಕಷ್ಟ. ಕನ್ನಡದಲ್ಲಿ ನೋವು ಒಂದೇ ಅಲ್ಲ. ಚಳಕು ಬೇರೆ, ಉಳುಕು ಬೇರೆ, ಸೆಳೆತ ಬೇರೆ, ಹಿಡಿತ ಬೇರೆ. ಜೋಮು ಹಿಡಿಯುವುದೆಂದರೆ ಇರುವೆ ಹರಿದಂತಾಗುವುದು, ಮರಗಟ್ಟುವುದೆಂದರೆ ಮುಟ್ಟಿದರೂ ತಿಳಿಯದಿರುವುದು. ಮಲಯಾಳದಲ್ಲಿಯೂ ತರಿಪ್ಪು, ಮರವಿಪ್ಪು ಎಂದು ಎರಡು ಮಾತಿವೆ, ಆದರೆ ನಡುವೆ ನಿಂತು ಭಾಷಾಂತರಿಸುವ ಮಗನೋ ರಿಕ್ಷಾದವನೋ ಎರಡಕ್ಕೂ ‘ಕಾಲಿನಲ್ಲಿಯೂ ಇದೆ ಡಾಕ್ಟರ್’ ಎಂದಷ್ಟೇ ಹೇಳಿಬಿಟ್ಟರೆ, ವೈದ್ಯರ ಕೈಗೆ ಬರುವುದು ಸಿಪ್ಪೆಯೇ ಹೊರತು ಅಡಿಕೆಯಲ್ಲ. ಮತ್ತೆ, ಮೂತ್ರದ ಪ್ರಶ್ನೆಯನ್ನು ಮಗನ ಬಾಯಿಂದ ತಾಯಿಗೆ ಕೇಳಿಸಿದರೆ ಅವಳು ಕೊಡುವ ಉತ್ತರ ಎಂದಿಗೂ ಒಂದೇ. ಏನೂ ಇಲ್ಲ. ಮಾತು ಸೋರಿಹೋದ ಕಡೆಯಲ್ಲಿ ಯಂತ್ರ ಬಂದು ಕುಳಿತುಕೊಳ್ಳುವುದು ಸಹಜ. ಚಿತ್ರಕ್ಕೆ ಭಾಷೆ ಬೇಡವಲ್ಲ.

ಮಾತಿಗಾಗಿ ಗಡಿ ದಾಟುವವರೂ ಇದ್ದಾರೆ. 2013ರಲ್ಲಿ ಉಕ್ಕಿನಡ್ಕದಲ್ಲಿ ವೈದ್ಯಕೀಯ ಕಾಲೇಜಿಗೆ ಅಡಿಗಲ್ಲು ಬಿದ್ದಾಗ ಇನ್ನು ಮಂಗಳೂರಿನ ದಾರಿ ಮರೆಯಬಹುದೆಂದು ನಾವು ಮಾತಾಡಿಕೊಂಡದ್ದುಂಟು, ಇಂದಿಗೂ ಬಸ್ಸು ಹತ್ತುವುದು ಮಂಗಳೂರಿಗೇ. 2020ರ ಮಾರ್ಚ್ ಕೊನೆಯಲ್ಲಿ ಕೊರೋನಾದ ಭಯಕ್ಕೆ ತಲಪಾಡಿಯ ಗಡಿಯನ್ನು ಮುಚ್ಚಿ, ಮಂಗಳೂರಿನ ಆಸ್ಪತ್ರೆಗೆ ತಲುಪಲಾಗದೆ ಇಲ್ಲಿ ರೋಗಿಗಳು ತೀರಿಕೊಂಡಾಗ, ನಾವು ಯಾವ ಎಳೆಯ ಮೇಲೆ ನೇತಾಡುತ್ತಿದ್ದೇವೆಂದು ಎಲ್ಲರಿಗೂ ತಿಳಿಯಿತು. ಆದರೆ ಸೊಂಟನೋವಿನ ವಿಷಯದಲ್ಲಿ ಆ ಪ್ರಯಾಣಕ್ಕೆ ಇನ್ನೊಂದು ದೋಷವಿದೆ. ದೂರದ ವೈದ್ಯರು ನಮ್ಮನ್ನು ಒಮ್ಮೆ ಮಾತ್ರ ನೋಡುತ್ತಾರೆ. ‘ಎರಡು ವಾರ ಬಿಟ್ಟು ಬನ್ನಿ, ನೋಡೋಣ’ ಎನ್ನುವುದು ಸೊಂಟನೋವಿಗೆ ಒಳ್ಳೆಯ ಚಿಕಿತ್ಸೆ, ಒಂದು ದಿನದ ಕೂಲಿಯನ್ನೂ ಬಸ್ಸಿನ ದುಡ್ಡನ್ನೂ ಕಳೆದುಕೊಂಡು ಬಂದವರಿಗೆ ಅದನ್ನು ಹೇಳುವುದು ಹೇಗೆ? ಬಂದ ದಿನವೇ ಎಲ್ಲವನ್ನೂ ಮಾಡಿ ಕಳುಹಿಸುತ್ತಾರೆ. ಮನೆಮನೆಯ ಗೋಡೆಯ ಮೊಳೆಗಳಲ್ಲಿ ತೂಗುವ ಎಕ್ಸ್‌ರೇಯ ಪ್ಲಾಸ್ಟಿಕ್ ಚೀಲಗಳು ಹಾಗೆ ತುಂಬಿದವು.

ನಾನು ಬದುಕಿಕೊಂಡದ್ದು ಇಬ್ಬರಿಂದ. ಮೊದಲನೆಯವರು ನಮ್ಮ ಊರಿನ ಆಯುರ್ವೇದ ಪಂಡಿತರು. ಸೊಂಟದ ಮೇಲೆ ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ, ಅದರೊಳಗೆ ಉಗುರುಬೆಚ್ಚಗಿನ ತೈಲ ಹೊಯ್ದು, ತಣಿದಂತೆ ತೆಗೆದು ಮತ್ತೆ ಹೊಯ್ಯುತ್ತ ಮುಕ್ಕಾಲು ಗಂಟೆ ಪಕ್ಕದಲ್ಲೇ ಕುಳಿತಿರುತ್ತಿದ್ದರು. ಕಟಿಬಸ್ತಿಯ ತೈಲ ಡಿಸ್ಕಿನವರೆಗೆ ಇಳಿಯುತ್ತದೆಂದು ನಾನು ನಂಬಲಾರೆ. ಆ ಮುಕ್ಕಾಲು ಗಂಟೆಯಲ್ಲಿ ಅವರು ನನ್ನ ತೋಟ, ನಿದ್ದೆ, ಮಗನ ಕೆಲಸ, ಬೆನ್ನಿನ ಭಯ ಎಲ್ಲವನ್ನೂ ಕೇಳಿ ತಿಳಿದುಕೊಂಡರೆಂಬುದನ್ನು ಮಾತ್ರ ನಂಬುತ್ತೇನೆ. ‘ಹೆದರಿ ಹೆದರಿ ಮೈ ಕಟ್ಟಿಗೆಯ ಹಾಗೆ ಮಾಡಿಕೊಂಡಿದ್ದೀರಿ ಮಾಷ್ಟ್ರೇ’ ಎಂದು ಮೊದಲು ಹೇಳಿದವರು ಅವರೇ.

ಎರಡನೆಯವರು ಸರಕಾರಿ ಆಸ್ಪತ್ರೆಯ ಫಿಸಿಯೋಥೆರಪಿ ಕೋಣೆಯ ಹುಡುಗಿ, ಕಣ್ಣೂರಿನ ಕಡೆಯವಳು. ಕನ್ನಡ ಅರ್ಧ, ಮಲಯಾಳ ಅರ್ಧ. ನನ್ನ ವರದಿಯ ಲಕೋಟೆಯನ್ನು ಬಿಡಿಸದೆ ಮೇಜಿನ ಮೇಲಿಟ್ಟು, ಮಲಗಿಸಿ, ಮೊಣಕಾಲು ಮಡಿಸದೆ ಒಂದೊಂದೇ ಕಾಲನ್ನು ಮೇಲೆತ್ತಿ ಎಲ್ಲಿ ಎಳೆಯುತ್ತದೆಂದು ನೋಡಿದಳು. ಹೆಬ್ಬೆರಳನ್ನು ಮೇಲೆತ್ತಲು ಹೇಳಿ, ‘ನಾನು ಒತ್ತುತ್ತೇನೆ, ಸೋಲಬಾರದು ಮಾಷೇ’ ಎಂದು ತನ್ನ ಎರಡು ಬೆರಳಿನಿಂದ ಕೆಳಕ್ಕೆ ಒತ್ತಿದಳು, ನನ್ನ ಹೆಬ್ಬೆರಳು ಸೋಲಲಿಲ್ಲ. ಹತ್ತಿಯ ಎಳೆಯಿಂದ ಪಾದದ ಮೇಲೆ ಸವರಿ ತಿಳಿಯುತ್ತದೆಯೇ ಎಂದು ಕೇಳಿದಳು. ಹಿಮ್ಮಡಿಯಲ್ಲಿ ನಡೆಸಿದಳು, ತುದಿಗಾಲಿನಲ್ಲಿ ನಡೆಸಿದಳು. ಹನ್ನೆರಡು ನಿಮಿಷ. ಆಮೇಲೆ ತನ್ನ ಪೆನ್ನನ್ನು ನೆಲಕ್ಕೆ ಹಾಕಿ, ‘ಎತ್ತಿಕೊಡಿ’ ಎಂದಳು. ಬಗ್ಗಬಹುದೇ ಎಂದು ಕೇಳಿದೆ. ‘ಬಗ್ಗಬಹುದು ಅಲ್ಲ, ಬಗ್ಗಬೇಕು’ ಎಂದಳು. ಆರು ತಿಂಗಳ ಮೇಲೆ ಮೊದಲ ಸಲ ಬಗ್ಗಿ ಎತ್ತಿದ ಆ ಪೆನ್ನು ನೀಲಿ ಬಣ್ಣದ್ದು, ಮುಚ್ಚಳವಿರಲಿಲ್ಲ.

ಅವಳು ಕೊಟ್ಟ ಮದ್ದು ನಡಿಗೆ. ದಿನಕ್ಕೆ ಹತ್ತು ನಿಮಿಷದಿಂದ ಶುರುಮಾಡಿ, ವಾರವಾರವೂ ಸ್ವಲ್ಪ ಏರಿಸುತ್ತ ಹೋಗುವುದು. 2024ರಲ್ಲಿ ಆಸ್ಟ್ರೇಲಿಯದ 701 ಜನರ ಮೇಲೆ ನಡೆದ ಒಂದು ಪ್ರಯೋಗದ ವಿವರ ಆಮೇಲೆ ಸಿಕ್ಕಿತು. ಸೊಂಟನೋವು ಬಂದು ಗುಣವಾದವರಲ್ಲಿ, ಫಿಸಿಯೋಥೆರಪಿಸ್ಟರ ಸಲಹೆಯಂತೆ ಕ್ರಮವಾಗಿ ನಡೆದವರಿಗೆ ನೋವು ಮರಳಿ ಬರುವ ಮೊದಲು ಮಧ್ಯಮಾನದಲ್ಲಿ, ಅಂದರೆ ಎಲ್ಲರ ಲೆಕ್ಕವನ್ನು ಸಾಲಾಗಿ ಇಟ್ಟಾಗ ನಟ್ಟನಡುವೆ ಬರುವಂತೆ, 208 ದಿನ ಕಳೆದಿದ್ದರೆ, ಸುಮ್ಮನಿದ್ದವರಿಗೆ 112 ದಿನ. ನೋವು ಮರಳಿ ಬರಲೇ ಇಲ್ಲವೆಂದು ಅಲ್ಲಿಯೂ ಹೇಳಿಲ್ಲ, ನನಗೂ ಕಳೆದ ಮಳೆಗಾಲದಲ್ಲಿ ತೋಟಕ್ಕೆ ಮದ್ದು ಬಿಡಿಸುವಾಗ ಡ್ರಮ್ಮು ಹೊರಳಿಸಿ ಮತ್ತೊಮ್ಮೆ ಬಂತು. ಈ ಸಲ ಎರಡು ವಾರದಲ್ಲಿ ಹೋಯಿತು. ಲಕೋಟೆ ಮೊಳೆಯಲ್ಲೇ ಇದೆ.

ಈಗ ಆಸ್ಪತ್ರೆಗೆ ಹೋಗುವ ನೆರೆಯವರು ಮಲಯಾಳ ಬರುತ್ತದೆಂಬ ಕಾರಣಕ್ಕೆ ನನ್ನನ್ನು ಕರೆದುಕೊಂಡು ಹೋಗುವುದುಂಟು. ಕಳೆದ ತಿಂಗಳು ಹಾಗೆ ಸೊಂಟನೋವಿನ ಒಬ್ಬ ಚಿಕ್ಕಮ್ಮನ ಜೊತೆ ಕುಟುಂಬ ಆರೋಗ್ಯ ಕೇಂದ್ರಕ್ಕೆ ಹೋಗಿದ್ದೆ. ಹೊಸದಾಗಿ ಬಂದ ತರುಣ ವೈದ್ಯರು ಜ್ವರ ಕೇಳಿದರು, ತೂಕ ಕೇಳಿದರು, ಕಾಲಿನ ಬಲ ನೋಡಿದರು, ನಾನು ಹೆಮ್ಮೆಯಿಂದಲೇ ಒಂದೊಂದನ್ನೂ ಕನ್ನಡಕ್ಕೆ ತಂದೆ. ಮುಂದಿನ ಪ್ರಶ್ನೆ ಮೂತ್ರದ್ದು. ನಾನು ಅದನ್ನೂ ತಿರುಗಿಸಿ ಕೇಳಿದೆ. ಚಿಕ್ಕಮ್ಮ ಸೆರಗನ್ನು ಬೆರಳಿಗೆ ಸುತ್ತುತ್ತ, ಏನೂ ಇಲ್ಲ ಎಂದರು. ಬಾಗಿಲ ಬಳಿ ನಿಂತಿದ್ದ ಸಿಸ್ಟರ್ ಮಂಜೇಶ್ವರದ ಕಡೆಯವರು. ಅವರು ಹತ್ತಿರ ಬಂದು, ಚಿಕ್ಕಮ್ಮನ ಹೆಗಲ ಮೇಲೆ ಕೈಯಿಟ್ಟು ತುಳುವಿನಲ್ಲಿ ಮೆಲ್ಲಗೆ ಏನನ್ನೋ ಕೇಳಿದರು. ಚಿಕ್ಕಮ್ಮ ಉತ್ತರ ಕೊಡುವ ಮೊದಲು ನನ್ನ ಮುಖವನ್ನೊಮ್ಮೆ ನೋಡಿದರು. ನಾನು ಎದ್ದು, ಬಾಗಿಲನ್ನು ಎಳೆದುಕೊಂಡು, ಹೊರಗಿನ ಬೆಂಚಿನಲ್ಲಿ ಕಾಯುತ್ತಿದ್ದವರ ಜೊತೆ ಹೋಗಿ ಕುಳಿತೆ.